ಮ್ಯಾಲಿನ ಮನಿ

ತಣ್ಣೀರುಹಳ್ಳದ ಎರಡನೇ ಕ್ರಾಸಿನಾಗ ನೀಲಿ ಗೇಟಿನ ಮನಿ.
ಮ್ಯಾಲ ಹೋಗಾಕ ಹೊರಗಿನ ಮೆಟ್ಟಲ, ಹದಿನೇಳು.
ಒಂದು ಖೋಲಿ, ಅದಕ್ಕ ಹಾಲ್ ಅಂತಾರ.
ಇನ್ನೊಂದು ಖೋಲಿ, ಅದಕ್ಕ ರೂಮ್ ಅಂತಾರ.
ನಡುವ ಒಂದು ಸಂದಿ ಐತಿ, ಅದು ಅಡಗಿಮನಿ.
ಬಾಡಿಗಿ ಏಳೂವರಿ. ಅಡ್ವಾನ್ಸು ಐವತ್ತು.
ಸಾವಿರ ಅನ್ನೂ ಮಾತು ಹಾಸನದಾಗ ಯಾರೂ ಆಡೂದಿಲ್ಲ,
ರಾತ್ರಿ ಹೆಸರು ತಗೊಂಡ್ರ ಹಾವು ಬರತೈತಿ ಅಂತಾರಲ್ಲ,
ಹಂಗ.

ಡೇರಿಯಿಂದ ರಿಟೈರಾದ ಸ್ವಾಮೀಗೌಡ್ರು ಕುರ್ಚಿ ಎಳಕೊಂಡು ಕೇಳಿದ್ರು:
"ಯಾವ ಕಡೆಯೋರಮ್ಮ?" ರೋಣರೀ.
"ಹಂಗಂದ್ರೆ?" ಗದಗ ಜಿಲ್ಲಾ.
"ಓ. ಯಜಮಾನ್ರು?" ಹುಬ್ಬಳ್ಳಿ ಡಿಪೋದಾಗ ಮೆಕ್ಯಾನಿಕ್,
ವರ್ಗ ಕೇಳಿ ಆರು ವರ್ಷಾತು.
"ಏನ್ ಜನ ನೀವು?"
ಚಾರ್ಜು ಹೋದ ಟಿಕೇಟು ಮಷಿನ್ ಆಗಿ ಕುಂತೆ.
ಅವರ ಅಂದ್ರು, "ಹೋಗ್ಲಿ ಬಿಡಿ, ಸಂಬಳ ತಿಂಗಳು ತಿಂಗಳು ಬರತ್ತಲ್ಲ."

ಗೋಡೆಗೆ ಮೊಳೆ ಹೊಡೀಬಾರದು.
ನೀರಿಗೆ ಬೇರೆ ಇನ್ನೂರು.
ಹನ್ನೊಂದು ತಿಂಗಳಿಗೆ ಅಗ್ರಿಮೆಂಟು, ಆಮೇಲೆ ಐದು ಪರ್ಸೆಂಟು.
ಇಷ್ಟ ಬರದಿದ್ರು. ರೊಟ್ಟಿ ಬಗ್ಗೆ ಏನೂ ಇರಲಿಲ್ಲ.

ಮೊದಲನೇ ರಾತ್ರಿ, ಎರಡನೇ ರೊಟ್ಟಿ ಬಡಿಯೂ ಹೊತ್ತಿಗೆ
ಕೆಳಗಿಂದ ಕೋಲಿಲೆ ಕುಟ್ಟಿದ ಸದ್ದು.
ಮೂರನೇದಕ್ಕ ಅವರ ಹೆಂಡತಿ ದ್ಯಾವೀರಮ್ಮ
ಏದುಸಿರು ಬಿಡಕೋಂತ ಬಾಗಿಲಿಗೆ ಬಂದು,
"ಕಂಡಕ್ಟ್ರಮ್ಮ, ಮೊಳೆ ಹೊಡೀತಿದೀರಾ?"
ಹಿಟ್ಟಿನ ಕೈ ತೋರಿಸಿದೆ.
ಆದ್ರೂ ನಾಕೂ ಗೋಡಿ ನೋಡಿಕೊಂಡ ಹೋದ್ರು.

ಆಮ್ಯಾಲ ಬೆರಳ ತುದಿಲೆ ಬಡದೆ, ರೊಟ್ಟಿ ದಪ್ಪ ಆತು.
ಬಿಳಿಜ್ವಾಳಾನೂ ಇಲ್ಲಿ ತುಟ್ಟಿ. ರಾಗಿ ಕಲಿ ಅಂತಾರ ಮಂದಿ.
ಕಲ್ತೀನಿ. ನುಂಗಾಕ ಬರತೈತಿ, ಅಗಿಯೂ ಆಸಿ ಹೋಗೂದಿಲ್ಲ.
ಬಾಡಿಗಿ ಕಳದು, ಊರಾಗ ಅತ್ತಿ ಕಡೆ ಇರೂ ಮಗಳ ಫೀಜು ಕಳದು,
ಗ್ಯಾಸು ಕಳದು, ಅಡ್ವಾನ್ಸಿಗೆ ತಗದ ಸೊಸೈಟಿ ಸಾಲ ಕಳದು
ಉಳಿದದ್ದು ನನ್ನ ಚೀಲದ ಬುಡದಾಗಿನ ಒಂದೊಂದು ರೂಪಾಯಿ,
ಅದೂ ನನ್ನದಲ್ಲ, ಸಂಜಿ ಕಟ್ಟಬೇಕು ಡಿಪೋಕ್ಕ.

ಒಂದು ಮಂಗಳವಾರ ಅರಸೀಕೆರೆ ಗಾಡಿ.
ಆಧಾರ್ ಕಾರ್ಡು ಹಿಡಕೊಂಡು ದ್ಯಾವೀರಮ್ಮ ಹತ್ತಿದ್ರು.
ಸೊನ್ನಿ ಟಿಕೇಟು ಹರಿದು ಕೊಟ್ಟೆ.
ಇವರ ಮನ್ಯಾಗ ನನಗ ಏಳೂವರಿ,
ನನ್ನ ಗಾಡ್ಯಾಗ ಇವರಿಗೆ ಸೊನ್ನಿ.
ನಗಿ ಬಂತು, ಸೀಟಿ ಊದಿ ಮುಚ್ಚಿಕೊಂಡೆ.

ಮುಂದಿನ ಮಂಗಳವಾರಾನೂ ಬಂದ್ರು. ಅದರ ಮುಂದಿನದೂ.
ಅರಸೀಕೆರ್ಯಾಗ ಇಳಿಯೂದು, ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಕೂಡೂದು,
ಅದ ಗಾಡಿ ಹತ್ತಿ ತಿರುಗಿ ಬರೂದು.
ಯಾರಿದ್ದಾರ್ರೀ ಅಲ್ಲಿ? ಅಂತ ಕೇಳಿದೆ.
ದುದ್ದ ದಾಟೂ ತನಕ ಕಿಡಕಿ ಕಡೆನ ನೋಡಿದ್ರು.
"ಯಾರೂ ಇಲ್ಲ ಕಣಮ್ಮ.
ಮನೇಲಿ ಒಂದು ಟೀಗೂ ಪುಸ್ತಕದಲ್ಲಿ ಬರೀಬೇಕು.
ಇದಕ್ಕೆ ಬರಿಯೋಂಗಿಲ್ಲ ನೋಡು."
ಆಮ್ಯಾಲ, ಸಣ್ಣ ದನಿಲೆ,
"ಅವ್ರಿಗೆ ಹೇಳ್ಬೇಡ."

ಹನ್ನೊಂದನೇ ತಿಂಗಳು ಹೊಸ ಅಗ್ರಿಮೆಂಟು.
ಏಳು ಸಾವಿರದ ಎಂಟುನೂರಾ ಎಪ್ಪತ್ತೈದು.
ಎಂಟು ಎಣಿಸಿ ಕೊಟ್ಟೆ.
ಗೌಡ್ರು ಜೇಬು ಮುಟ್ಟಿ ನೋಡಿಕೊಂಡ್ರು:
"ಚಿಲ್ಲರೆ ಇಲ್ಲಮ್ಮ, ಆಮೇಲೆ ಇಸ್ಕಳಿ."
ಹದಿನಾಕು ವರ್ಷ ನಾನು ಮಂದಿಗೆ ಅಂದ ಮಾತು,
ನನ್ನ ಬಾಯಿಂದ ಎದ್ದು ಹೋಗಿ
ಬಿಳಿ ಪಂಚಿ ಉಟಕೊಂಡು ಎದುರಿಗೆ ಕುಂತಿತ್ತು.
ಬಾಗಿಲ ಮರಿಯಾಗ ದ್ಯಾವೀರಮ್ಮ ಸೆರಗು ಬಾಯಿಗೆ ಹಿಡಕೊಂಡ್ರು.

ಅವತ್ತು ಪೂರ್ತಿ ಅಂಗೈಲೆ ಆರು ರೊಟ್ಟಿ ಬಡದೆ.
ಕೆಳಗಿನ ಕೋಲು ಎರಡು ಸರ್ತಿ ಎದ್ದು ಸುಮ್ಮನಾತು.
ಸೊನ್ನಿ ಟಿಕೇಟಿನ ಹಿಂದ
ನೂರಾ ಇಪ್ಪತ್ತೈದು ಬಾಕಿ ಅಂತ ಬರದು
ಒಲಿ ಮ್ಯಾಗಿನ ಗೋಡಿಗೆ ಅಂಟಿಸೀನಿ.
ಮೊಳಿ ಹೊಡೀಬಾರದಲ್ಲ,
ಒಂದು ಅಗಳು ಅನ್ನ ಹಚ್ಚೀನಿ.